‘ದೊಡ್ಡ ಪ್ರಮಾಣದ ನಕ್ಷೆ’: ಇಲ್ಲಿ ದೊಡ್ಡದು ಯಾವುದು?

ನಕ್ಷೆಗಳ ಬಗೆಗಿನ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಒಂದು ಪದ ಎರಡು ದಿನಗಳಿಂದ ನನ್ನನ್ನು ತಡೆದು ನಿಲ್ಲಿಸಿದೆ. ಬಲ್ಲವರು ದಾರಿ ತೋರಿಸಬೇಕು.

ನಕ್ಷೆಯ ಸ್ಕೇಲ್‌ಗೆ ಅಂದರೆ ನಕ್ಷೆಯ ಮೇಲಿನ ದೂರಕ್ಕೂ ನೆಲದ ಮೇಲಿನ ದೂರಕ್ಕೂ ಇರುವ ಅನುಪಾತಕ್ಕೆ ನಾವು ‘ಪ್ರಮಾಣ’ ಎನ್ನುತ್ತೇವೆ, ಕೆಲವೆಡೆ ‘ಅಳತೆ’ ಎಂದೂ ಬರೆಯುತ್ತೇವೆ. ಅಲ್ಲಿಯವರೆಗೆ ತೊಂದರೆಯಿಲ್ಲ. ಅದಕ್ಕೆ ‘ದೊಡ್ಡ’, ‘ಸಣ್ಣ’ ಎಂಬ ವಿಶೇಷಣ ಸೇರಿದ ಕೂಡಲೇ ಅರ್ಥ ತಲೆಕೆಳಗಾಗುತ್ತದೆ. ಒಂದೇ ಗಾತ್ರದ ಎರಡು ನಕ್ಷೆಯ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಮೊದಲನೆಯದು 1:10,000. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 100 ಮೀಟರ್. ಕೆರೆಯ ಏರಿ, ಓಣಿಯ ತಿರುವು, ಒಂಟಿ ಬಾವಿ ಎಲ್ಲವೂ ಕಾಣುತ್ತವೆ. ಎರಡನೆಯದು 1:10,00,000. ಅಲ್ಲಿ ಒಂದು ಸೆಂಟಿಮೀಟರ್‌ಗೆ 10 ಕಿಲೋಮೀಟರ್. ಇಡೀ ಪಟ್ಟಣ ಒಂದು ಚುಕ್ಕೆ. ಶಾಸ್ತ್ರದ ಪ್ರಕಾರ ಬಾವಿ ಕಾಣುವ ಹಾಳೆಯೇ ‘ದೊಡ್ಡ ಪ್ರಮಾಣದ ನಕ್ಷೆ’, ಏಕೆಂದರೆ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಹತ್ತು ಸಾವಿರದಲ್ಲಿ ಒಂದು ಪಾಲು ದೊಡ್ಡದು.

ಗಣಿತ ಸರಿಯಾಗಿದೆ, ಕನ್ನಡ ಮಾತ್ರ ಅದಕ್ಕೆ ಒಗ್ಗುವುದಿಲ್ಲ. ‘ದೊಡ್ಡ ಪ್ರಮಾಣದಲ್ಲಿ ಮಳೆಯಾಯಿತು’, ‘ದೊಡ್ಡ ಪ್ರಮಾಣದಲ್ಲಿ ಜನ ಸೇರಿದರು’ ಎಂದು ದಿನವೂ ಓದುವವರಿಗೆ ಆ ಮಾತು ಹರವನ್ನೇ ಸೂಚಿಸುತ್ತದೆ. ನನ್ನ ಕರಡನ್ನು ಹತ್ತನೆಯ ತರಗತಿಯ ಅಕ್ಕನ ಮಗಳಿಗೆ ಓದಲು ಕೊಟ್ಟು, ದೊಡ್ಡ ಪ್ರಮಾಣದ ನಕ್ಷೆ ಯಾವುದು ತೋರಿಸು ಎಂದೆ. ಅವಳು ಗೋಡೆಯ ಮೇಲಿದ್ದ ಪ್ರಪಂಚದ ಭೂಪಟದತ್ತ ಕೈ ಮಾಡಿದಳು. ತಪ್ಪು ಅವಳದಲ್ಲ, ನಾನು ಬರೆದ ಮಾತು ಅವಳನ್ನು ಅಲ್ಲಿಗೇ ಕರೆದೊಯ್ದಿತ್ತು.

ನನಗೆ ಹೊಳೆದಿರುವುದು ‘ಕುಗ್ಗು’ ಎಂಬ ನಮ್ಮದೇ ಧಾತು. ‘ಹತ್ತು ಸಾವಿರ ಪಟ್ಟು ಕುಗ್ಗಿಸಿದ ನಕ್ಷೆ’, ‘ಹತ್ತು ಲಕ್ಷ ಪಟ್ಟು ಕುಗ್ಗಿಸಿದ ನಕ್ಷೆ’ ಎಂದರೆ ಯಾವುದು ಏನೆಂದು ಯಾರೂ ವಿವರಿಸಬೇಕಿಲ್ಲ. ನಕ್ಷೆ ಮಾಡುವವರ ನಿಜವಾದ ಕಷ್ಟವೂ ಆ ಮಾತಿನಲ್ಲಿ ಕಾಣುತ್ತದೆ. ಹತ್ತು ಲಕ್ಷ ಪಟ್ಟು ಕುಗ್ಗಿಸಿದ ಹಾಳೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ಅದು ನೆಲದ 500 ಮೀಟರ್ ಅಗಲವನ್ನು ನುಂಗುತ್ತದೆ. ಅಷ್ಟು ಅಗಲದ ರಸ್ತೆ ಎಲ್ಲಿದೆ? ಆದರೂ ಗೆರೆ ಎಳೆಯಲೇಬೇಕು, ಇಲ್ಲದಿದ್ದರೆ ರಸ್ತೆಯೇ ಕಾಣದು. ಹಾಗಾಗಿ ಕುಗ್ಗಿಸುವಾಗ ಕೆಲವನ್ನು ಬಿಡಬೇಕು, ಕೆಲವನ್ನು ಹಿಗ್ಗಿಸಬೇಕು, ನದಿಯ ಸಣ್ಣ ಬಳುಕುಗಳನ್ನು ನೇರ ಮಾಡಬೇಕು. ‘ಪ್ರಮಾಣ’ ಎಂಬ ಪದ ಇದರ ಸುಳಿವನ್ನೇ ಕೊಡುವುದಿಲ್ಲ.

ಹೀಗೆ ಪದಗಳ ಬೆನ್ನು ಹತ್ತಿದಾಗ ‘ಭೂಪಟ’ವೂ ‘ನಕ್ಷೆ’ಯೂ ಒಂದೇ ಅಲ್ಲವೆಂಬುದು ಸ್ಪಷ್ಟವಾಯಿತು. ಮನೆ ಕಟ್ಟುವ ಮೊದಲು ಬರೆಸುವುದು ನಕ್ಷೆ, ಅದನ್ನು ಯಾರೂ ಭೂಪಟ ಎನ್ನುವುದಿಲ್ಲ. ಚಂದ್ರನ ಮೇಲ್ಮೈಯನ್ನು ಬರೆದರೂ ಅದು ನಕ್ಷೆಯೇ, ಅಲ್ಲಿ ‘ಭೂ’ ಹೇಗೆ ಬಂದೀತು? ನಕ್ಷೆ ಅರಬ್ಬಿ ಮೂಲದ ಪದ. ಅದರ ಹಿಂದೆ ಇರುವುದು ಕೆತ್ತುವ, ಚಿತ್ರಿಸುವ ಕೆಲಸ, ‘ನಕಾಶಿ’ಯ ನಂಟೂ ಅದೇ. ‘ಪಟ’ವಂತೂ ಸಂಸ್ಕೃತದಲ್ಲಿ ಬಟ್ಟೆ, ಹಾಯಿಪಟದಲ್ಲಿ ಆ ಹಳೆಯ ಅರ್ಥ ಈಗಲೂ ಉಳಿದಿದೆ. ಇಂಗ್ಲಿಷಿನ ‘ಮ್ಯಾಪ್’ ಕೂಡ ಬಟ್ಟೆ ಎಂಬ ಅರ್ಥದ ಲ್ಯಾಟಿನ್ ‘ಮಪ್ಪಾ’ದಿಂದ ಬಂದದ್ದು. ಎಲ್ಲಿಯ ಲ್ಯಾಟಿನ್, ಎಲ್ಲಿಯ ಪಟ! ಎರಡೂ ಕಡೆ ಬಟ್ಟೆಯ ಮೇಲೆಯೇ ಭೂಮಿ ಹರಡಿಕೊಂಡಿದೆ.

‘ಪ್ರಕ್ಷೇಪ’ದ ಬಗ್ಗೆಯೂ ಒಂದು ಮಾತು. ಉಂಡೆಯಾದ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನಕ್ಕೆ ಈ ಹೆಸರು. ಹಳೆಯ ಕಾವ್ಯ ಓದುವವರಿಗೆ ‘ಪ್ರಕ್ಷಿಪ್ತ’ ಎಂದರೆ ಯಾರೋ ಆಮೇಲೆ ಸೇರಿಸಿದ ಪದ್ಯ. ಎರಡಕ್ಕೂ ಎಸೆ ಎಂಬ ಅರ್ಥದ ಧಾತುವೇ ಮೂಲ. ಗಾಜಿನ ಗೋಳದೊಳಗೆ ದೀಪವಿಟ್ಟು ಹೊರಗಿನ ಹಾಳೆಯ ಮೇಲೆ ನೆರಳು ಎಸೆದಂತೆ ಎಂದು ವಿವರಿಸಿದರೆ ಪದ ಒಪ್ಪುತ್ತದೆ. ಆದರೆ ನಕ್ಷೆಕಾರ ಮರ್ಕೇಟರ್ 1569ರಲ್ಲಿ ರಚಿಸಿದ ಪ್ರಪಂಚದ ನಕ್ಷೆಗೆ ಈ ನೆರಳಿನ ಮಾತು ಹೊಂದುವುದಿಲ್ಲ, ಅದು ಲೆಕ್ಕದಿಂದ ಹುಟ್ಟಿದ್ದು. ನಾವಿಕನಿಗೆ ದಿಕ್ಕಿನ ಕೋನ ಕೆಡಬಾರದೆಂದು ಧ್ರುವಗಳತ್ತ ಹೋದಂತೆ ನೆಲವನ್ನು ಹಿಗ್ಗಿಸುತ್ತಾ ಹೋಗಿದ್ದಾರೆ. ಅದರಿಂದಲೇ ಗ್ರೀನ್‌ಲ್ಯಾಂಡ್ ಅಲ್ಲಿ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ವಾಸ್ತವದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಹಾಗಾಗಿ ಇಡೀ ಹಾಳೆಗೆ ಒಂದೇ ಪ್ರಮಾಣ ಎನ್ನುವುದೂ ಇಂಥ ನಕ್ಷೆಯಲ್ಲಿ ನಿಲ್ಲುವುದಿಲ್ಲ.

ರಾಜಕೀಯ ನಕ್ಷೆ, ಪ್ರಾಕೃತಿಕ ನಕ್ಷೆ ಎಂಬ ಹೆಸರುಗಳು ಬಳಕೆಯಲ್ಲಿ ಬೇರೂರಿವೆ, ಅವನ್ನು ಕದಲಿಸುವುದು ಬೇಡ. ‘ಸಮೋನ್ನತ ರೇಖೆ’ಯಂತೂ ನನಗೆ ಅಚ್ಚುಮೆಚ್ಚು. ಸಮಾನ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ ಎಂದು ಪದವೇ ಪಾಠ ಹೇಳುತ್ತದೆ. 1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದಲ್ಲಿ ಆರಂಭವಾದ ಅಳತೆಯಿಂದ ಅಂಕಿಗಳ ರಾಶಿಯೇ ಬಂದಾಗ, ಗಣಿತಜ್ಞ ಚಾರ್ಲ್ಸ್ ಹಟನ್ ಸಮ ಎತ್ತರದ ಬಿಂದುಗಳನ್ನು ಗೆರೆಯಿಂದ ಜೋಡಿಸಿದರು. ಬೆಟ್ಟದ ಆಕಾರ ಕಾಗದದ ಮೇಲೆ ಎದ್ದು ಬಂತು. ಸ್ಕೇಲ್‌ಗೂ ಅಷ್ಟೇ ತಿಳಿಯಾದ ಪದ ಬೇಕೆಂಬುದು ನನ್ನ ಆಸೆ.

‘ಕುಗ್ಗಳತೆ’ ಎಂದರೆ ಹೇಗೆ? ‘ಹೆಚ್ಚು ಕುಗ್ಗಳತೆಯ ನಕ್ಷೆ’ ಎಂದರೆ ಹರವು ಹೆಚ್ಚು, ವಿವರ ಕಡಿಮೆ. ಅಡ್ಡಿಯೊಂದೇ: ಇಂಗ್ಲಿಷಿನ ‘ಲಾರ್ಜ್ ಸ್ಕೇಲ್’ನ ‘ದೊಡ್ಡ’ ಇಲ್ಲಿ ‘ಕಡಿಮೆ ಕುಗ್ಗಳತೆ’ಯಾಗುತ್ತದೆ, ಮುಂದೆ ಇಂಗ್ಲಿಷಿನಲ್ಲಿ ಓದುವ ಮಕ್ಕಳಿಗೆ ಗೊಂದಲವಾದೀತು. ಭೂಗೋಳ ಕಲಿಸುವವರು, ಮೋಜಣಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ನಿಮ್ಮ ಬಾಯಲ್ಲಿ ಓಡಾಡುವ ಪದ ಯಾವುದೆಂದು ದಯವಿಟ್ಟು ತಿಳಿಸಿ.