ಸಹಾಯ ಬೇಕು: 27ಕ್ಕೇ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 198, ಮಾತ್ರೆ ಶುರು ಮಾಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಸುಮ್ನೆ ರಕ್ತ ಕೊಟ್ಟಿದ್ದೆ. ರಿಪೋರ್ಟ್ ನೋಡಿ ಗಾಬರಿಯಾಯಿತು. ಒಟ್ಟು ಕೊಲೆಸ್ಟ್ರಾಲ್ 270, ಎಲ್‌ಡಿಎಲ್ 198, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 36, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) 180. ಶುಗರ್, ಬಿಪಿ, ಥೈರಾಯ್ಡ್ ಸರಿಯಾಗಿವೆ.

ನಾನು ದಪ್ಪ ಇಲ್ಲ, ಸಿಗರೇಟು ಸೇದುವುದಿಲ್ಲ. ದಿನವಿಡೀ ಕುರ್ಚಿ, ಸಂಜೆಯಾದರೆ ಗೋಬಿ ಮಂಚೂರಿ, ಅದು ನಿಜ. "ಬೆಣ್ಣೆ ದೋಸೆ ಬಿಡು, ಸರಿಹೋಗುತ್ತೆ" ಅನ್ನುತ್ತಾರೆ ಅಮ್ಮ. ಅಷ್ಟು ಸುಲಭ ಅನಿಸುತ್ತಿಲ್ಲ. ಅಪ್ಪನಿಗೆ 44ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು, ದೊಡ್ಡಪ್ಪನಿಗೂ ಸ್ಟೆಂಟ್ ಹಾಕಿದ್ದಾರೆ. ಎಲ್‌ಡಿಎಲ್ 190 ದಾಟಿದರೆ ಅದು ವಂಶದಿಂದ ಬಂದಿರಬಹುದು, ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದರು ಡಾಕ್ಟರು. ಲಿಪೊಪ್ರೋಟೀನ್ ಎ (ವಂಶದಿಂದ ಬರುವ, ಕೊಲೆಸ್ಟ್ರಾಲ್ ಹೊರುವ ಒಂದು ಕಣ) ಟೆಸ್ಟ್ ಬರೆದುಕೊಟ್ಟು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡಲು ಹೇಳಿದ್ದಾರೆ. ತಂಗಿಗೂ ಟೆಸ್ಟ್ ಮಾಡಿಸಬೇಕಂತೆ. ಅವಳೋ ಸೂಜಿ ಕಂಡರೆ ಓಡುತ್ತಾಳೆ.

ಇಷ್ಟು ಚಿಕ್ಕ ವಯಸ್ಸಿಗೇ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವವರು ಇದ್ದೀರಾ? ಮೈಕೈ ನೋವು ಬಂತಾ? ಎಲ್‌ಡಿಎಲ್ ಎಷ್ಟು ಇಳಿಯಿತು? ಮದುವೆ ಮಾತುಕತೆ ನಡೆಯುತ್ತಿದೆ, ಹುಡುಗಿ ಮನೆಯವರಿಗೆ ಹೇಗೆ ಹೇಳಿದಿರಿ? ನಿಮ್ಮ ಅನುಭವ ಬರೆಯಿರಿ. ಬೆಳ್ಳುಳ್ಳಿ, ಮೆಂತ್ಯದ ನೀರು ಮಾತ್ರ ಹೇಳಬೇಡಿ, ಅಜ್ಜಿ ಆಗಲೇ ಸಾಕಷ್ಟು ಕುಡಿಸಿದ್ದಾರೆ!