ಅಪ್‌ಡೇಟ್: ನಮ್ಮ ಕರಿಯ ಈಗ ಹೇಗಿದ್ದಾನೆ

ನಮ್ಮ 13 ವರ್ಷದ ನಾಯಿ ಕರಿಯ ರಾತ್ರಿ ಹಾಲ್‌ನಲ್ಲೇ ಉಚ್ಚೆ ಮಾಡ್ತಾನೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆನಲ್ಲ. ನಿಮ್ಮ ಮಾತು ಕೇಳಿ ಮೊದಲು ಡಾಕ್ಟರ್ ಹತ್ತಿರ ಹೋದೆವು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಗೊತ್ತಾಯಿತು. ಮಾತ್ರೆ ಮುಗಿದ ಮೇಲೆ ಎಷ್ಟೋ ಕಡಿಮೆಯಾಗಿದೆ. ಪಾಪ, ಸುಮ್ನೆ ಗದರಿಸಿದ್ದೆವು. ನೀರು ಕಡಿಮೆ ಕೊಡುತ್ತಿದ್ದೆ, ಅದೂ ತಪ್ಪಂತೆ.

ಇನ್ನೊಂದು ವಿಷಯ ನಾವು ಗಮನಿಸಿಯೇ ಇರಲಿಲ್ಲ. ಅವನು ಎದ್ದು ಬಾಗಿಲ ಕಡೆ ಹೊರಡುತ್ತಾನೆ, ಆದರೆ ಟೈಲ್ಸ್ ಮೇಲೆ ಹಿಂಗಾಲು ಜಾರಿ ಅಲ್ಲೇ ಕೂತುಬಿಡುತ್ತಾನೆ. ಈಗ ಅವನ ಹಾಸಿಗೆಯಿಂದ ಬಾಗಿಲವರೆಗೂ ರಬ್ಬರ್ ಮ್ಯಾಟ್ ಹಾಸಿದ್ದೇವೆ. ಸಣ್ಣ ಲೈಟ್ ಒಂದು ಉರಿಯುತ್ತಿರುತ್ತದೆ. ರಾತ್ರಿ 2 ಗಂಟೆಗೆ ಅಲಾರಾಂ ಇಟ್ಟು ನಾನೋ ಅಮ್ಮನೋ ಹೊರಗೆ ಕರೆದುಕೊಂಡು ಹೋಗುತ್ತೇವೆ. ನಿನ್ನೆ ಅಲಾರಾಂಗೂ ಮೊದಲೇ ಅವನೇ ಬಂದು ಒದ್ದೆ ಮೂಗಿನಿಂದ ನನ್ನ ಕೈ ತಿವಿದ.