ತುಕ್ರ ಅಂದ್ರೆ ಎಂತ ಅಂತ ಕೇಳಿದ್ದಲ್ಲ

ಹಾಂ, ರೆಕಾರ್ಡ್ ಆಗ್ತಾ ಉಂಟಾ ಇದು? ಆಗ್ತಾ ಉಂಟು. ಎಲ್ಲರಿಗೂ ನಮಸ್ಕಾರ, ಕಟಪಾಡಿಯಿಂದ ಜಲಜತ್ತೆ ಮಾತಾಡುವುದು. ಟೈಪ್ ಮಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ್ರೆ, ಕನ್ನಡಕ ಹಾಕಿದ್ರೂ ಅಕ್ಷರ ಕುಣೀತದೆ. ಹಾಗಾಗಿ ಉದ್ದ ಆದ್ರೆ ಬೈಬೇಡಿ. ತುಳುವಿನಲ್ಲಿ ಹೇಳಿದ್ರೆ ನನಗೆ ಸುಲಭ, ಆದ್ರೆ ಕೇಳಿದ್ದು ನಮ್ಮ ಚಳ್ಳಕೆರೆ ಸೊಸೆ, ಅವಳಿಗೆ ಅರ್ಥ ಆಗ್ಬೇಕಲ್ಲ. ಕನ್ನಡದಲ್ಲೇ ಹೇಳ್ತೇನೆ.

ನಿನ್ನೆ ಅಣ್ಣ ಗ್ರೂಪಿಗೆ ಹಳೇ ಕಾಗದದ ಫೋಟೋ ಹಾಕಿದ್ರಲ್ಲ, ಭೂಮಸೂದೆ ಕಾಲದ ಡಿಕ್ಲರೇಶನ್ನಿನದ್ದು, ಗೇಣಿಗೆ ಗೇಯುವ ಗದ್ದೆ ತಮ್ಮ ಹೆಸರಿಗೆ ಆಗ್ಲಿ ಅಂತ ಒಕ್ಕಲಿನವರು ಹಾಕಿದ ಅರ್ಜಿ. ಅದರಲ್ಲಿ ‘ತುಕ್ರ ಪೂಜಾರಿ ಬಿನ್ ಐತ ಪೂಜಾರಿ’ ಅಂತ ಇತ್ತು. ಸೊಸೆ ಕೇಳಿದ್ಳು, ‘ತುಕ್ರ ಅಂದ್ರೆ ಏನತ್ತೆ, ಯಾವ ದೇವರ ಹೆಸರು?’ ಅವಳು ಕೇಳಿದ್ದು ಸರಿಯೇ. ಅಷ್ಟರಲ್ಲಿ ಬೊಂಬಾಯಿಯಲ್ಲಿ ಕೂತವ ಒಬ್ಬ ಕಣ್ಣಲ್ಲಿ ನೀರು ಬರುವಷ್ಟು ನಗುವ ಮುಖ ನಾಲ್ಕು ಹಾಕಿ, ‘ಪಾಪುಗೆ ಇದನ್ನೇ ಇಡಿ’ ಅಂತ ಬರ್ದ, ಈ ಆದಿತ್ಯವಾರ ಹೆಸರಿಡ್ಲಿಕ್ಕಿರುವ ನಮ್ಮ ಪಾಪುಗೆ. ಯಾರಂತ ನಾನು ಹೇಳುವುದಿಲ್ಲ. ಅವನ ಲೆಕ್ಕ ಕಡೆಗೆ ನೋಡುವ.

ದೇವರ ಹೆಸರಲ್ಲ ಮಗಾ, ವಾರದ ಹೆಸರು. ನನ್ನ ಅಜ್ಜ ಹುಟ್ಟಿದ್ದು ಶುಕ್ರವಾರ. ತುಳುವಿನಲ್ಲಿ ಹಳಬರು ತುಕ್ರಾರ ಅಂತಿದ್ರು, ಹಾಗೆ ತುಕ್ರ. ಅವರ ಅಪ್ಪ ಐತ, ಐತಾರ ಅಂದ್ರೆ ಆದಿತ್ಯವಾರ ಹುಟ್ಟಿದವರು. ಸೋಮವಾರದವ ಚೋಮ, ಮಂಗಳವಾರದವ ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶನಿವಾರ ತನಿಯ. ಹೆಣ್ಣಾದ್ರೆ ತುಕ್ರು, ಚೋಮು, ತನಿಯಾರು. ಮನೆಯಲ್ಲಿ ಕರೆಯುವುದು ತುಕ್ರೆ, ಐತೆ ಅಂತ. ಶಾನುಭಾಗರ ಪುಸ್ತಕಕ್ಕೆ ಹೋಗುವಾಗ ಅದು ಕನ್ನಡ ಆಗಿ ತುಕ್ರ, ಐತ. ನಮ್ಮ ಅಜ್ಜನಿಗೆ ವಯಸ್ಸು ಎಷ್ಟು ಕೇಳಿದ್ರೆ ಗೊತ್ತಿರ್ಲಿಲ್ಲ. 1923ರಲ್ಲಿ ಮಾರಿಬೊಳ್ಳ ಬಂತಲ್ಲ, ಆ ದೊಡ್ಡ ನೆರೆ, ‘ಆಗ ನಾನು ನೇಗಿಲು ಹಿಡೀತಿದ್ದೆ’ ಅಂತ ಅಷ್ಟೇ ಹೇಳ್ತಿದ್ರು. ವರ್ಷ ಇಲ್ಲ, ತಾರೀಕು ಇಲ್ಲ, ಆದ್ರೆ ಯಾವ ವಾರ ಹುಟ್ಟಿದ್ದು ಅಂತ ಸಾಯುವವರೆಗೆ ಊರಿಗೆಲ್ಲ ಗೊತ್ತು.

ನಿಮ್ಮಲ್ಲಿಯೂ ಉಂಟಲ್ವಾ? ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಹೆಸರಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ ಅಂತ ನಿಮ್ಮ ಮದುವೆ ದಿವಸ ನಾನೇ ಐದಾರು ಜನರನ್ನು ಮಾತಾಡಿಸಿದ್ದೆ. ಹುಟ್ಟಿದ ಮಕ್ಕಳು ಉಳಿಯದಿದ್ರೆ ತಿಪ್ಪೆಯಲ್ಲಿ ಹೊರಳಿಸಿ ತಿಪ್ಪ ಅಂತ ಇಡುವುದು, ಜವರಾಯ ಅಸಹ್ಯಪಟ್ಟು ಬಿಟ್ಟು ಹೋಗ್ಲಿ ಅಂತ. ಇಲ್ಲಿ ಅಂಥದ್ದಕ್ಕೇ ಕೊರಗ, ಕೊರಪೊಲು ಅಂತ ಇಡುವ ಕ್ರಮ ಇತ್ತು. ಊರವರು ಮುಟ್ಟದೆ ದೂರ ಇಟ್ಟಿದ್ದ ಕೊರಗರ ಕುಲದ ಹೆಸರನ್ನು ದೃಷ್ಟಿಬೊಟ್ಟಿನ ಹಾಗೆ ನಮ್ಮ ಮಗುವಿಗೆ ಹಚ್ಚುವುದು. ಈಗ ನೆನೆಸಿದ್ರೆ ನನಗೆ ಸರಿ ಕಾಣುವುದಿಲ್ಲ, ಆದ್ರೆ ಇದ್ದದ್ದು ಹೌದು.

ಮತ್ತೆ ವಾರದ ಹೆಸರಲ್ಲಿಯೂ ಒಂದು ವಿಷಯ ಉಂಟು. ಆದಿತ್ಯವಾರ ಯಾರ ಮನೆಯಲ್ಲಿಯೂ ಮಗು ಹುಟ್ಟಬಹುದು. ಆದ್ರೆ ಗದ್ದೆ ಇದ್ದವ ಐತಪ್ಪ, ಗದ್ದೆಯಲ್ಲಿ ಗೇಯುವವ ಬರೀ ಐತ. ‘ಅಪ್ಪ’ ಸೇರುವುದು ಭೂಮಿಯ ಜೊತೆಗೆ. ಅಣ್ಣನ ಹತ್ರ ಅಜ್ಜನ ಕಾಲದ ಗೇಣಿ ಚೀಟಿ ಒಂದೆರಡು ಉಂಟು, ಅದರಲ್ಲಿ ‘ತುಕ್ರನಿಂದ ಬಂದದ್ದು ಇಷ್ಟು ಮುಡಿ’ ಅಂತ ಮಾತ್ರ. 1974ರ ಕಾನೂನು ಬಂದ ಮೇಲೆ ಡಿಕ್ಲರೇಶನ್ ಹಾಕಿದ್ರಲ್ಲ, ಅದರಲ್ಲೇ ಮೊದಲ ಸಲ ಅವರ ಪೂರ್ತಿ ಹೆಸರು, ಅಪ್ಪನ ಹೆಸರು ಎಲ್ಲ ಬಂದದ್ದು. ನೀವು ನಕ್ಕ ಕಾಗದ ಅದು.

ಸರಿ, ಬೈಲಿಕ್ಕಲ್ಲ ನಾನು ಶುರು ಮಾಡಿದ್ದು.

1980ರಿಂದ 2017ರವರೆಗೆ ನಾನು ಮಕ್ಕಳ ಹಾಜರಿ ಕರೆದವಳು. ಹೆಸರಿನ ವಿಷಯದಲ್ಲಿ ನನಗಿಂತ ಹೆಚ್ಚು ಗೊತ್ತಿರುವವರು ಈ ಗ್ರೂಪಿನಲ್ಲಿ ಇಲ್ಲ, ಇದ್ರೆ ಕೈ ಎತ್ತಿ. ನಾನು ಸೇರಿದ ವರ್ಷ ಪೋಷಕರ ಕಾಲಮ್ಮಿನಲ್ಲಿ ದೂಮಪ್ಪ, ಕೊರಗಪ್ಪ, ಮೋನಪ್ಪ. ಮಕ್ಕಳ ಕಾಲಮ್ಮಿನಲ್ಲಿ ಸತೀಶ, ಹರೀಶ, ಜಗದೀಶ. ಅಪ್ಪ ಅಂತ ಮುಗಿಯುವವರ ಮನೆಯಲ್ಲಿ ಈಶ ಅಂತ ಮುಗಿಯುವವರು ಹುಟ್ಟಿದ್ರು. ನಡುವೆ ನಮ್ಮ ಅಣ್ಣಂದಿರ ತಲೆಮಾರು ಒಂದು ಇತ್ತಲ್ಲ, ದಿವಾಕರ, ಸುಧಾಕರ, ಕರುಣಾಕರ, ಎಲ್ಲ ಕರ. ಹೆಣ್ಣುಮಕ್ಕಳದ್ದು ಕೇಳ್ಲೇ ಬೇಡಿ. ನಾನು ಜಲಜ, ಅಕ್ಕ ವಾರಿಜ, ತಂಗಿ ಸರೋಜ. ಮೂರಕ್ಕೂ ಅರ್ಥ ತಾವರೆ ಅಂತ ನನಗೆ ಗೊತ್ತಾದದ್ದು ಟೀಚರ್ ಟ್ರೈನಿಂಗಿಗೆ ಹೋದ ಮೇಲೆ. ನಮ್ಮ ಅಪ್ಪ ಮೂರು ಮಕ್ಕಳಿಗೂ ಒಂದೇ ಹೆಸರು ಇಟ್ಟದ್ದು, ಅವರಿಗೂ ಗೊತ್ತಿರ್ಲಿಲ್ಲ ಪಾಪ. ಪಕ್ಕದ ಮನೆಯವಳು ಅಂಬುಜ. ಅದೂ ಅದೇ.

1994ರಲ್ಲಿ ಸುಶ್ಮಿತಾ, ಐಶ್ವರ್ಯಾ ಇಬ್ಬರೂ ಕಿರೀಟ ಹಾಕಿಕೊಂಡ್ರು. ಐಶ್ವರ್ಯಾ ಅಂತೂ ಮಂಗಳೂರಿನಲ್ಲೇ ಹುಟ್ಟಿದವಳು, ಕೇಳ್ಬೇಕಾ? 2000ಕ್ಕೆ ಆ ಇಬ್ಬರೂ ನನ್ನ ಒಂದನೇ ಕ್ಲಾಸಿಗೆ ಬಂದು ಕೂತ್ರು, ಒಂದೊಂದಲ್ಲ, ಇನಿಶಿಯಲ್ ಹಾಕಿ ಕರೀಬೇಕಾದಷ್ಟು. ಮತ್ತೆ 2011ರಲ್ಲಿ ಆ ಐಶ್ವರ್ಯಾಳಿಗೆ ಮಗಳು ಹುಟ್ಟಿದ್ಳು, ಆರಾಧ್ಯ ಅಂತ ಇಟ್ರು. ಆರು ವರ್ಷ ಬಿಟ್ಟು ಆರಾಧ್ಯಂದಿರು ಬ್ಯಾಗ್ ಹಾಕಿಕೊಂಡು ಬರುವಾಗ ನಾನು ರಿಟೈರ್ ಆದೆ.

ಕ್ರಿಶ್ಚನರಲ್ಲಿ, ಬ್ಯಾರಿಗಳಲ್ಲಿಯೂ ಇದೇ ಕಥೆ. ನಮ್ಮ ಜೊತೆ ಇದ್ದ ಟೀಚರೊಬ್ಬರ ಅಜ್ಜ ಇಗರ್ಜಿ ಪುಸ್ತಕದಲ್ಲಿ ಸೆಬಾಸ್ಟಿಯನ್, ಊರ ಬಾಯಲ್ಲಿ ಬಸ್ತ್ಯಾಂವ್. ಮೀನು ತರುವ ಅದ್ರಾಮ ಬ್ಯಾರಿ ರೇಶನ್ ಕಾರ್ಡಿನಲ್ಲಿ ಅಬ್ದುಲ್ ರಹಿಮಾನ್. ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ಗೊತ್ತಲ್ಲ, ಹುಟ್ಟಿದ್ದು 1930ರ ಜೂನ್ 3. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆ ಹುಟ್ಟಿದ್ದೂ ಜೂನ್ 3. ತಾಯಿಗೆ ದೊರೆ ಮೇಲೆ ಅಭಿಮಾನ, ಮಗನಿಗೆ ಅದೇ ಹೆಸರು. ದೊರೆಯ ಹೆಸರಿಟ್ಟುಕೊಂಡವ 1974ರಲ್ಲಿ ದೇಶದ ರೈಲೆಲ್ಲ ನಿಲ್ಲಿಸುವ ಮುಷ್ಕರ ಮಾಡಿಸಿದ. ಹೆಸರು ಇಡುವವರು ಎಣಿಸುವುದು ಒಂದು, ಆಗುವುದು ಒಂದು.

ಆಗೆಲ್ಲ ಹೆಸರು ಕೇಳಿದ್ರೆ ಯಾರ ಮನೆ, ಯಾವ ಜಾತಿ, ಯಾವ ಬೈಲು ಎಲ್ಲ ಗೊತ್ತಾಗ್ತಿತ್ತು. ನನ್ನ ಕಡೇ ವರ್ಷಗಳಲ್ಲಿ ಒಂದೇ ಕ್ಲಾಸಿನಲ್ಲಿ ಮೂರು ರಯಾನ್ ಇದ್ರು. ಒಬ್ಬ ಕ್ಯಾಥೊಲಿಕ್, ಅವನದ್ದು ಐರ್ಲೆಂಡಿನ ಕಡೆಯ ಹೆಸರು. ಒಬ್ಬ ಬ್ಯಾರಿ ಹುಡುಗ, ಅವನದ್ದು ಅರಬ್ಬಿ, ಉಪವಾಸ ಹಿಡಿದವರು ಸ್ವರ್ಗಕ್ಕೆ ಹೋಗುವ ಬಾಗಿಲಿಗೆ ಆ ಹೆಸರಂತೆ. ಮೂರನೆಯವ ನಮ್ಮವ, ಅವನ ಅಮ್ಮನತ್ರ ಅರ್ಥ ಕೇಳಿದ್ರೆ ‘ಗೂಗಲಿನಲ್ಲಿ ಉಂಟು ಟೀಚರ್’ ಅಂದ್ಳು. ರಯಾನ್ ಅಂತ ಕರೆದ್ರೆ ಮೂವರೂ ‘ಯೆಸ್ ಮಿಸ್’. ನನಗೆ ಅದು ಖುಷಿಯೇ ಮಾರಾಯ್ರೆ, ಸುಳ್ಳು ಯಾಕೆ ಹೇಳುವುದು.

ಈಗ ಹೇಳುವುದು ನಾನು ಯಾರತ್ರವೂ ಹೇಳ್ಲಿಲ್ಲ, ನಿಮ್ಮ ಮಾವನತ್ರ ಬಿಟ್ರೆ.

1983ರ ಜೂನ್ ತಿಂಗಳು, ಮಳೆ ಹೊಡೀತಾ ಇತ್ತು. ಬೈಲಿನ ಆಚೆ ಕರೆಯಿಂದ ಒಬ್ಬಳು ತಾಯಿ ಗೊರಬು ಹಾಕಿಕೊಂಡು ಮಗನನ್ನು ಸೇರಿಸ್ಲಿಕ್ಕೆ ಬಂದ್ಳು. ಹೆಸರು ಕೇಳಿದೆ. ‘ತನಿಯೆ’ ಅಂದ್ಳು. ಹಿಂದಿನ ಬೆಂಚಿನಿಂದ ಎರಡು ಮಕ್ಕಳು ನಕ್ರು. ಆ ಹೆಸರು ಕೇಳಿದ ಕೂಡ್ಲೇ ಅವ ಯಾರು, ಎಷ್ಟು ದೂರ ಕೂರಿಸ್ಬೇಕು ಅಂತ ಲೆಕ್ಕ ಹಾಕುವವರು ಊರಲ್ಲಿ ಇದ್ರು, ಸ್ಟಾಫ್ ರೂಮಿನಲ್ಲಿಯೂ ಇದ್ರು. ನಾನು ಹೊಸ ಹುರುಪಿನವಳು, ಒಳ್ಳೇದು ಮಾಡ್ತೇನೆ ಅಂತ ಎಣಿಸಿ ‘ಧನಂಜಯ’ ಅಂತ ಬರ್ದೆ. ತಾಯಿಗೆ ಓದಿ ಹೇಳಿದೆ. ಅವಳಿಗೆ ಅದು ಬಾಯಿಗೆ ಬರ್ಲಿಲ್ಲ, ‘ದನಂಜೆ, ದನಂಜೆ’ ಅಂತ ಎರಡು ಸಲ ಹೇಳಿ ನೋಡಿ, ಸುಮ್ಮನೆ ತಲೆ ಆಡಿಸಿ ಹೋದ್ಳು. ಒಪ್ಪಿದ್ದಾ ಅಂತ ನಾನು ಕೇಳ್ಲಿಲ್ಲ. ಮೊದಲ ಒಂದು ವಾರ ಹಾಜರಿ ಕರೆದ್ರೆ ಆ ಹುಡುಗ ಉತ್ತರ ಕೊಡ್ತಿರ್ಲಿಲ್ಲ, ಧನಂಜಯ ಅಂದ್ರೆ ಬೇರೆ ಯಾರೋ ಅಂತ ಅವನೂ ಹಿಂದೆ ತಿರುಗಿ ನೋಡ್ತಿದ್ದ.

ರಿಟೈರ್ ಆಗುವ ವರ್ಷ ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ‘ಟೀಚರ್’ ಅಂತ ಕರೆದು ಕಾಲಿಗೆ ಬಿದ್ದ. ಒಳ್ಳೇ ಕೆಲಸದಲ್ಲಿದ್ದಾನೆ. ಅಮ್ಮ ಹೇಗಿದ್ದಾಳೆ ಕೇಳಿದೆ. ‘ಹೋಗಿ ಎರಡು ವರ್ಷ ಆಯ್ತು ಟೀಚರ್’ ಅಂದ. ಮತ್ತೆ ಅಂದ, ‘ಕಡೆಯವರೆಗೂ ಅವಳಿಗೆ ಧನಂಜಯ ಬರ್ಲೇ ಇಲ್ಲ. ಈಗ ನನ್ನನ್ನು ತನಿಯ ಅಂತ ಕರೆಯುವವರು ಯಾರೂ ಇಲ್ಲ.’ ಬೈದು ಹೇಳಿದ್ದಲ್ಲ, ನಗಾಡಿಕೊಂಡೇ ಹೇಳಿದ್ದು. ನನಗೆ ಬಸ್ಸಿನಲ್ಲಿ ಸೀಟು ಹಿಡಿದು ಕೊಟ್ಟು ಹೋದ.

ಇದರ ಜೊತೆ ಇನ್ನೊಂದು ಹೇಳ್ಬೇಕು. ಮಾವ ಗೇರುಬೀಜದ ಫ್ಯಾಕ್ಟರಿಯಲ್ಲಿ ಇದ್ದದ್ದು ನಿಮಗೆ ಗೊತ್ತುಂಟು. ಮಂಗಳೂರಿನ ಫ್ಯಾಕ್ಟರಿಗಳಿಗೆ ಇಲ್ಲಿಯ ಬೀಜ ಸಾಕಾಗುವುದಿಲ್ಲ, ಹಡಗಿನಲ್ಲಿ ಆಫ್ರಿಕಾದಿಂದ ತರಿಸುವುದು. ಹಾಗೆ ಘಾನಾದಿಂದ ಬಂದ ಒಬ್ಬರನ್ನು ಒಂದು ದಿವಸ ಮಧ್ಯಾಹ್ನ ಊಟಕ್ಕೆ ಕರ್ಕೊಂಡು ಬಂದ್ರು. ಬಂಗುಡೆ ಪುಳಿಮುಂಚಿ ಮಾಡಿದ್ದೆ, ಕೈಯಲ್ಲೇ ಚೆನ್ನಾಗಿ ಉಂಡ್ರು. ಹೆಸರು ಕ್ವಾಮೆ. ಅರ್ಥ ಎಂತ ಅಂತ ಮಾವ ಕೇಳಿದ್ರು. ‘ಶನಿವಾರ ಹುಟ್ಟಿದವ’ ಅಂದ್ರು. ಒಳಗಿನಿಂದ ನನ್ನ ಅತ್ತೆ, ಆಗ ಎಂಬತ್ತು ದಾಟಿತ್ತು, ಜೋರಾಗಿ ಹೇಳಿದ್ರು, ‘ಓ, ನಮ್ಮ ತನಿಯೆ!’

ಅವತ್ತು ಊಟ ಮುಗಿದ ಮೇಲೆ ಏಳು ವಾರವನ್ನೂ ಕೂಡಿಸಿ ನೋಡಿದೆವು. ಅಲ್ಲಿ ಅಕಾನ್ ಅಂತ ಜನ, ಅವರಲ್ಲಿ ಆದಿತ್ಯವಾರದವ ಕ್ವಾಸಿ, ಅಂದ್ರೆ ನಮ್ಮ ಐತ. ಸೋಮವಾರ ಕೋಜೊ, ನಮ್ಮ ಚೋಮ. ಬುಧವಾರ ಕ್ವಾಕು, ಗುರುವಾರ ಯಾವ್. ಶುಕ್ರವಾರದವ ಕೋಫಿ. ಹೆಣ್ಣುಮಕ್ಕಳಿಗೂ ಬೇರೆ ಉಂಟು, ಶುಕ್ರವಾರ ಹುಟ್ಟಿದವಳು ಅಫುವಾ, ನಮ್ಮ ತುಕ್ರು. ವಿಶ್ವಸಂಸ್ಥೆಯಲ್ಲಿ 1997ರಿಂದ 2006ರವರೆಗೆ ದೊಡ್ಡ ಕುರ್ಚಿಯಲ್ಲಿ ಕೂತ ಕೋಫಿ ಅನ್ನಾನ್ ಇದ್ರಲ್ಲ, ಅವರು 1938ರ ಏಪ್ರಿಲ್ 8ಕ್ಕೆ, ಶುಕ್ರವಾರ ಹುಟ್ಟಿದವರು. ಇಡೀ ಪ್ರಪಂಚ ಗೌರವದಲ್ಲಿ ಕರೆದದ್ದು ತುಕ್ರ ಅನ್ನಾನ್ ಅಂತ! ನಾನು ಹುಟ್ಟಿದ 1957ರಲ್ಲೇ ಘಾನಾಕ್ಕೆ ಸ್ವಾತಂತ್ರ್ಯ ಬಂದದ್ದು, ಅದರ ಮುಖಂಡ ಕ್ವಾಮೆ ಎನ್‌ಕ್ರುಮಾ, ಅವ ತನಿಯ. ಅಲ್ಲಿ ಆ ಹೆಸರು ಬಡವನಿಗೂ ಉಂಟು, ಪ್ರಧಾನಿಗೂ ಉಂಟು. ಹಾಗಾಗಿ ಯಾರೂ ಅಡಗಿಸ್ಲಿಲ್ಲ. ಇಲ್ಲಿ ಕೆಳಗಿನವರ ಹೆಸರು ಅಂತ ಆಯ್ತು, ನಾವೇ ನಾಚಿಕೆಪಟ್ಟು ತೊಳೆದು ಹಾಕಿದೆವು. ನಾನಂತೂ ಪೆನ್ನಿನಲ್ಲೇ ಮಾಡಿದೆ.

ಎಲ್ಲರೂ ತೊಳೀಲಿಲ್ಲ ಅದೂ ಹೌದು. ಸುಳ್ಯದ ಎಸ್. ಅಂಗಾರರು 1994ರಿಂದ ಸಾಲಾಗಿ ಆರು ಸಲ ಗೆದ್ದು 2021ರಲ್ಲಿ ಮಂತ್ರಿ ಆದ್ರಲ್ಲ. ಟಿವಿಯಲ್ಲಿ ಪ್ರಮಾಣವಚನ ನೋಡುವಾಗ ನಾನು ಮಾವನತ್ರ ಹೇಳಿದೆ, ‘ನೋಡಿ, ಮಂಗಳವಾರ ಎದ್ದು ನಿಂತಿತು.’ ಅವರ ಶಾಲೆಯಲ್ಲಿ ನನ್ನ ಹಾಗಿನ ಟೀಚರ್ ಇರ್ಲಿಲ್ಲ ಕಾಣ್ತದೆ.

ನಾನು ಪಾಪುಗೆ ತುಕ್ರ ಅಂತಲೇ ಇಡಿ ಅಂತ ಹೇಳುವುದಿಲ್ಲ, ಹೆದರ್ಬೇಡ ಮಗಾ. ಆಧಾರ್ ಕಾರ್ಡಿನಲ್ಲಿ ಶ್ರೇಯಾನ್ ಆಗ್ಲಿ, ವಿಯಾನ್ ಆಗ್ಲಿ, ಆ ರಿಯಾಂಶ್ ಒಂದು ಬೇಡ, ನನ್ನ ಹಲ್ಲು ಸೆಟ್ಟಿಗೆ ಅದು ಆಗುವುದಿಲ್ಲ. ಮತ್ತೆ ಯಾರೋ ಜ್ಯೋತಿಷಿ ಹೇಳಿದ ಅಂತ ಇಂಗ್ಲಿಷಿನಲ್ಲಿ ಎರಡೆರಡು ಎ ತುರುಕಬೇಡಿ, ಮುಂದೆ ಪಾಸ್‌ಪೋರ್ಟಿಗೆ ಅಲೆಯುವವ ಅವನೇ. ಆದ್ರೆ ಅವ ಹುಟ್ಟಿದ್ದು ಶುಕ್ರವಾರ ಬೆಳಿಗ್ಗೆ. ನೀವು ಯಾರೂ ಗಮನಿಸ್ಲಿಲ್ಲ, ನನಗೆ ಫೋನ್ ಬಂದಾಗ್ಲೇ ಹೊಳೆದಿತ್ತು. ಆದಿತ್ಯವಾರ ತೊಟ್ಟಿಲು ಹಾಕಿ ಕಿವಿಯಲ್ಲಿ ಹೆಸರು ಹೇಳುವಾಗ, ನಿಮ್ಮದೆಲ್ಲ ಆದ ಮೇಲೆ ನನಗೂ ಒಂದು ಸಲ ಬಗ್ಗಲಿಕ್ಕೆ ಬಿಡಿ. ಸೊಂಟ ನೋವು ಉಂಟು, ಯಾರಾದ್ರೂ ಒಂದು ಸ್ಟೂಲ್ ಇಡಿ. ಪತ್ರೊಡೆ ನಾನೇ ಮಾಡಿ ತರ್ತೇನೆ, ಕೇಟರಿಂಗಿನವರಿಗೆ ಹೇಳ್ಬೇಡಿ.

ಹಾಂ, ಬೊಂಬಾಯಿಯವನೇ, ಮರೆತಿದ್ದೇನೆ ಅಂತ ಎಣಿಸಿದ್ದಾ? ನೀನು ಹುಟ್ಟಿದ ದಿವಸ ಆಸ್ಪತ್ರೆಗೆ ಗಂಜಿ ತಂದದ್ದು ನಾನು. ಬುಧವಾರ ಅದು. ಕೇಳಿಸ್ತಾ ಬೂದಾ? ಇಡ್ತೇನೆ.